ಮಗುವಿನ ಹಳೇ ಬಟ್ಟೆ, ಕ್ರಿಬ್, ಆಟಿಕೆ: ಮಾರಾಟಕ್ಕೆ ಇಡೋ ಮುಂಚೆ ಏನೇನು ನೋಡ್ಬೇಕು?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ ಇಲ್ಲಿದೆ.

ನಾನು ಮಾತಾಡ್ತಿರೋದು ಅಮೆರಿಕದ ನಾರ್ತ್ ಕೆರೊಲಿನಾದಿಂದ. ಇವತ್ತಿನ ವಿಷಯ ಮಕ್ಕಳಿಗೆ ಚಿಕ್ಕದಾದ ಬಟ್ಟೆ, ಆಡಿ ಬಿಟ್ಟ ಆಟಿಕೆ, ಮೂಲೆ ಸೇರಿದ ಸ್ಟ್ರಾಲರ್. ಇವನ್ನೆಲ್ಲ ಇಲ್ಲಿನ ಕನ್ಸೈನ್‌ಮೆಂಟ್ ಸೇಲ್‌ಗೆ ಹೇಗೆ ತಯಾರು ಮಾಡೋದು ಅಂತ ಹೇಳ್ತೀನಿ.

ಊರಲ್ಲಿ ನಮಗೆ ಈ ಪ್ರಶ್ನೆ ಬರ್ತಾನೇ ಇರ್ಲಿಲ್ಲ. ಅಕ್ಕನ ಮಗುವಿನ ಅಂಗಿ ತಂಗಿ ಮಗುವಿಗೆ. ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ. ಹರಿದದ್ದು ಕೌದಿಗೆ, ಉಳಿದದ್ದು ಹಳೇ ಬಟ್ಟೆಗೆ ಪಾತ್ರೆ ಕೊಡೋರ ಗಂಟಿಗೆ. ಕೊಡುವಾಗ ಅಕ್ಕನೇ ಹೇಳ್ತಿದ್ಲು: "ಈ ಫ್ರಾಕಿನ ಹುಕ್ಕು ಸಡಿಲ ಇದೆ ನೋಡ್ಕೊಳೇ" ಅಂತ. ಅಮೆರಿಕದ ಸೇಲ್‌ನಲ್ಲಿ ಆ ಅಕ್ಕ ಇರಲ್ಲ. ದೊಡ್ಡ ಹಾಲ್‌ನಲ್ಲಿ ಸಾವಿರಾರು ವಸ್ತು ನೇತುಬಿದ್ದಿರುತ್ತೆ, ಕೊಳ್ಳೋರು ನಿಮ್ಮನ್ನ ಏನೂ ಕೇಳೋ ಹಾಗಿಲ್ಲ. ಹಾಗಾಗಿ ಅವರು ಏನೇನು ಕೇಳಬಹುದೋ ಅದಕ್ಕೆಲ್ಲ ಮನೆಯಲ್ಲೇ ಉತ್ತರ ರೆಡಿ ಮಾಡಿಟ್ಟುಬಿಡಬೇಕು. ತಯಾರಿ ಅಂದ್ರೆ ಇಷ್ಟೇ.

ಕನ್ಸೈನ್‌ಮೆಂಟ್ ಅಂದ್ರೆ ಏನು?

ನೀವು ವಸ್ತುವನ್ನ ಸೇಲ್ ನಡೆಸೋರ ಕೈಗೆ ಒಪ್ಪಿಸ್ತೀರಿ. ಮಾರಾಟ ಆಗೋವರೆಗೂ ಅದು ನಿಮ್ಮದೇ. ಮಾರಾಟವಾದ್ರೆ ಬಂದ ದುಡ್ಡಲ್ಲಿ ಸಾಮಾನ್ಯವಾಗಿ ಶೇಕಡ 60ರಿಂದ 70ರಷ್ಟು ನಿಮಗೆ, ಉಳಿದದ್ದು ಅವರಿಗೆ. ಎಷ್ಟೋ ಕಡೆ ಹೆಸರು ನೋಂದಾಯಿಸೋಕೆ ಒಂದಿಷ್ಟು ಡಾಲರ್ ಶುಲ್ಕವೂ ಇರುತ್ತೆ. ಚರ್ಚ್ ಹಾಲ್‌ನಲ್ಲೋ, ಮೇಳದ ಮೈದಾನದ ಕಟ್ಟಡದಲ್ಲೋ ವರ್ಷಕ್ಕೆ ಎರಡು ಸಲ ನಡೆಯುತ್ತೆ. ವಸಂತದ ಸೇಲ್‌ನಲ್ಲಿ ಬೇಸಿಗೆ ಬಟ್ಟೆ, ಶರತ್ಕಾಲದ ಸೇಲ್‌ನಲ್ಲಿ ಚಳಿಗಾಲದ ಬಟ್ಟೆ. ಇಂಥ ಸೇಲ್‌ಗಳಲ್ಲಿ ಹೆಸರಾದ 'ಜಸ್ಟ್ ಬಿಟ್ವೀನ್ ಫ್ರೆಂಡ್ಸ್' ಶುರುವಾಗಿದ್ದು 1997ರಲ್ಲಿ, ಒಕ್ಲಹೋಮಾದ ಟಲ್ಸಾದಲ್ಲಿ, ಒಂದು ಮನೆಯ ಹಾಲ್‌ನಲ್ಲಿ.

ಮೊದಲು ಸುರಕ್ಷತೆ, ಆಮೇಲೆ ಸೋಪು

ಎಲ್ಲರೂ ಮೊದಲು ಒಗೆಯೋಕೆ ಕೂರ್ತಾರೆ. ನಾನು ಹೇಳೋದು, ಮೊದಲು ಮಾರಬಾರದ್ದನ್ನ ಬೇರೆ ಮಾಡಿ. ಅಮೆರಿಕದಲ್ಲಿ ರೀಕಾಲ್ ಆದ, ಅಂದ್ರೆ ಕಂಪನಿ ವಾಪಸ್ ಕರೆಸಿಕೊಂಡ ವಸ್ತುವನ್ನ ಮಾರೋದು 2008ರ ಕಾನೂನಿನ ಪ್ರಕಾರ ಅಪರಾಧ. ಅಂಗಡಿಯವರಿಗೆ ಮಾತ್ರ ಅಲ್ಲ, ಮನೆಯಿಂದ ಮಾರೋ ನಮಗೂ ಇದು ಅನ್ವಯ. ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಅಂದ್ರೆ ಸಿಪಿಎಸ್‌ಸಿ ವೆಬ್‌ಸೈಟ್‌ನಲ್ಲಿ ವಸ್ತುವಿನ ಹೆಸರು, ಮಾಡೆಲ್ ನಂಬರ್ ಹಾಕಿ ಹುಡುಕಿ. ಫೋನಲ್ಲೇ ಆಗುತ್ತೆ, ದುಡ್ಡೇನೂ ಕೊಡಬೇಕಿಲ್ಲ.

ಯಾಕಿಷ್ಟು ಗಂಭೀರ ಅಂದ್ರೆ, ಫಿಶರ್-ಪ್ರೈಸ್ ಕಂಪನಿಯ 'ರಾಕ್ ಅಂಡ್ ಪ್ಲೇ' ಅನ್ನೋ ಇಳಿಜಾರಿನ ಸ್ಲೀಪರ್ ನೋಡಿ. 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ಸ್ಲೀಪರ್‌ಗಳನ್ನ ವಾಪಸ್ ಕರೆಸಿಕೊಂಡ್ರು. ಆದ್ರೂ ಅವು ಮನೆಗಳಲ್ಲಿ ಉಳಿದ್ವು. 2023ರ ಜನವರಿಯಲ್ಲಿ ಮತ್ತೆ ಎಚ್ಚರಿಕೆ ಕೊಡಬೇಕಾಯ್ತು. ಅಷ್ಟರಲ್ಲಿ ಆ ಸ್ಲೀಪರ್‌ಗಳಲ್ಲಿ ಸುಮಾರು 100 ಶಿಶುಗಳ ಸಾವು ವರದಿಯಾಗಿತ್ತು, ಅದರಲ್ಲಿ ಕೆಲವು ಮೊದಲ ರೀಕಾಲ್ ಆದ ಮೇಲಿನವು. ಅಟ್ಟದಲ್ಲಿ ಇಟ್ಟಿದ್ದ ವಸ್ತು ಇನ್ನೊಂದು ಮನೆಗೆ ಹೋಗೋದು ಎಷ್ಟು ಸುಲಭ ಅಂತ ಯೋಚನೆ ಮಾಡಿ.

ಇನ್ನು ಮುಖ್ಯವಾದ ಪಟ್ಟಿ ಹೇಳ್ತೀನಿ.

ಕ್ರಿಬ್: ಪಕ್ಕದ ಕಟಕಟೆ ಮೇಲೆ-ಕೆಳಗೆ ಜಾರೋ ಕ್ರಿಬ್‌ಗಳನ್ನ 2011ರ ಜೂನ್ 28ರಿಂದ ಮಾರೋ ಹಾಗಿಲ್ಲ. ಹಳೇದಾಗಿದ್ರೂ ಸರಿ, ಗಟ್ಟಿಯಾಗಿದ್ರೂ ಸರಿ.

ಕ್ರಿಬ್ ಸುತ್ತ ಕಟ್ಟೋ ಮೆತ್ತನೆ ಬಂಪರ್, 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರೋ ಸ್ಲೀಪರ್: ಎರಡಕ್ಕೂ 2022ರ ನವೆಂಬರ್‌ನಿಂದ ನಿಷೇಧ. ಮಗುವಿನ ಮೂಗು-ಬಾಯಿ ಒತ್ತಿ ಉಸಿರು ಕಟ್ಟೋ ಅಪಾಯ ಇದೆ ಅಂತ.

ಕಾರ್ ಸೀಟ್: ಇದಕ್ಕೂ ಎಕ್ಸ್‌ಪೈರಿ ಇದೆ. ತಯಾರಾದ ದಿನದಿಂದ ಸಾಮಾನ್ಯವಾಗಿ 6ರಿಂದ 10 ವರ್ಷ. ಸೀಟಿನ ಹಿಂಬದಿಯ ಅಥವಾ ತಳದ ಸ್ಟಿಕ್ಕರ್‌ನಲ್ಲಿ ತಾರೀಕು ಇರುತ್ತೆ. ಅಪಘಾತ ಕಂಡ ಸೀಟನ್ನ ಮಾರಬೇಡಿ.

ಟೋಪಿ ಇರೋ ಜಾಕೆಟ್: ಕತ್ತಿನ ಹತ್ತಿರ ಎಳೆದು ಕಟ್ಟೋ ದಾರ ಇದ್ರೆ ಬೇಡ. ಜಾರುಬಂಡೆಗೆ, ಬಸ್ಸಿನ ಬಾಗಿಲಿಗೆ ದಾರ ಸಿಕ್ಕಿ ಮಕ್ಕಳು ಸತ್ತ ಉದಾಹರಣೆಗಳಿವೆ. ಊರಿಗೆ ಹೋದಾಗ ಕೊಂಡು ತಂದ ಜಾಕೆಟ್‌ಗಳನ್ನ ಇದಕ್ಕಾಗಿ ತಪ್ಪದೆ ನೋಡಿ.

ಬ್ಯಾಟರಿ ಆಟಿಕೆ: ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಭದ್ರವಾಗಿರಲಿ. ಗುಂಡಿಯಂಥ ಬ್ಯಾಟರಿ ಮಗುವಿನ ಹೊಟ್ಟೆಗೆ ಹೋದ್ರೆ ಅನ್ನನಾಳವನ್ನೇ ಸುಡುತ್ತೆ.

ನನ್ನ ಗೆಳತಿಯೊಬ್ಬಳು ಚೆಂದದ ಹೂವಿನ ಚಿತ್ರದ ಬಂಪರ್ ಸೆಟ್ ತಂದು, "ಇದನ್ನೂ ನಿನ್ನ ಸಾಮಾನಿನ ಜೊತೆ ಇಡೇ" ಅಂದ್ಲು. ನಿಷೇಧ ಇದೆ ಅಂದೆ. "ನನ್ನ ಮಗಳು ಇದ್ರಲ್ಲೇ ಮಲಗಿ ಬೆಳೆದಿದ್ದು ಕಣೇ, ಏನಾಯ್ತು?" ಅಂದ್ಲು. ಆ ಮಾತಲ್ಲಿ ಸುಳ್ಳೇನಿಲ್ಲ. ಆದ್ರೆ ಅವಳ ಮಗಳಿಗೆ ಏನೂ ಆಗಲಿಲ್ಲ ಅನ್ನೋದು ಮುಂದಿನ ಮಗುವಿಗೆ ಗ್ಯಾರಂಟಿ ಅಲ್ವಲ್ಲ. ಕೊನೆಗೆ ಇಬ್ಬರೂ ಕೂತು ಅದರ ದಾರಗಳನ್ನ ಕತ್ತರಿಸಿ ಕಸಕ್ಕೆ ಹಾಕಿದ್ವಿ. ಹಾಗೇ ಎಸೆದ್ರೆ ಯಾರಾದ್ರೂ ಎತ್ತಿಕೊಂಡು ಹೋಗಿ ಬಳಸಬಹುದು, ಅದಕ್ಕೆ ಕತ್ತರಿಸಿದ್ದು.

ಬಟ್ಟೆ ಆರಿಸೋದು ಹೇಗೆ?

ಹಗಲು ಬೆಳಕಲ್ಲಿ, ಕಿಟಕಿ ಪಕ್ಕ ಕೂತು ನೋಡಿ. ಟ್ಯೂಬ್‌ಲೈಟಿಗೆ ಕಾಣದ ಹಾಲಿನ ಕಲೆ ಅಲ್ಲಿ ಕಾಣುತ್ತೆ. ಕತ್ತಿನ ಪಟ್ಟಿ, ತೋಳಿನ ತುದಿ, ಮೊಣಕಾಲು, ಈ ಮೂರು ಕಡೆ ಮೊದಲು. ಜಿಪ್ ಎಳೆದು ನೋಡಿ, ಟಿಚ್ ಬಟನ್ ಎಲ್ಲ ಒತ್ತಿ ನೋಡಿ. ಕಲೆ ಹೋಗದಿದ್ರೆ, ಬಣ್ಣ ಮಾಸಿದ್ರೆ ಆ ರಾಶಿಯಿಂದ ತೆಗೆದುಬಿಡಿ. ಸೇಲ್‌ನವರು ಒಪ್ಪಿಸೋ ದಿನ ಒಂದೊಂದನ್ನೂ ಪರೀಕ್ಷೆ ಮಾಡಿ ವಾಪಸ್ ಕೊಡ್ತಾರೆ, ನಿಮ್ಮ ಶ್ರಮ ದಂಡ.

ಊರಿನ ಬಟ್ಟೆಗಳ ಬಗ್ಗೆ ಒಂದು ಮಾತು. ಲಂಗ-ರವಿಕೆ, ಕುರ್ತಾ-ಪೈಜಾಮದ ಮೇಲೆ 18, 20, 22 ಅಂತ ನಮ್ಮ ಸೈಜ್ ಇರುತ್ತೆ. ಇಲ್ಲಿನ ಅಮ್ಮಂದಿರಿಗೆ ಅದು ಅರ್ಥ ಆಗಲ್ಲ. ಅಮೆರಿಕದ ಸೈಜಿನ ಒಂದು ಬಟ್ಟೆ ಪಕ್ಕದಲ್ಲಿಟ್ಟು ಅಳೆದು, 2ಟಿ, 3ಟಿ ಅಂತ ಅವರ ಸೈಜನ್ನೇ ಬರೀರಿ.

ಹ್ಯಾಂಗರ್, ಪಿನ್, ಟ್ಯಾಗ್

ಹೆಚ್ಚಿನ ಕಡೆ ನಿಯಮ ಒಂದೇ. ಬಟ್ಟೆಯ ಮುಂಭಾಗ ನಿಮ್ಮ ಕಡೆ ಇರ್ಬೇಕು, ಹ್ಯಾಂಗರ್ ಕೊಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಕಾಣ್ಬೇಕು. ಎಲ್ಲರ ಬಟ್ಟೆಯೂ ಒಂದೇ ದಿಕ್ಕಿಗೆ ಇದ್ರೆ ಸರಳಿನ ಮೇಲೆ ಸರಸರ ಸರಿಸಿ ನೋಡಬಹುದು. ಪ್ಯಾಂಟನ್ನ ಸೊಂಟದ ಪಟ್ಟಿಗೆ ಸೇಫ್ಟಿ ಪಿನ್ ಹಾಕಿ ಹ್ಯಾಂಗರ್‌ಗೆ ಬಿಗಿ ಮಾಡಿ, ಇಲ್ಲಾಂದ್ರೆ ಜಾರಿ ನೆಲದಲ್ಲಿರುತ್ತೆ. ಜೋಡಿ ಬಟ್ಟೆಯಾದ್ರೆ ಎರಡನ್ನೂ ಒಟ್ಟಿಗೆ ಪಿನ್ ಮಾಡಿ. ಪಿನ್ನನ್ನ ಹೊಲಿಗೆ ಇರೋ ಕಡೆ ಚುಚ್ಚಿ, ಬಟ್ಟೆಯ ನಡುವೆ ಚುಚ್ಚಿದ್ರೆ ತೂತು ಉಳಿಯುತ್ತೆ. ಗುಂಡುಪಿನ್, ಸ್ಟೇಪ್ಲರ್ ಬೇಡವೇ ಬೇಡ, ಮಕ್ಕಳ ಕೈಗೆ ಚುಚ್ಚುತ್ತೆ.

ಟ್ಯಾಗ್‌ನ ವಿವರಗಳನ್ನ ಸೇಲ್‌ನವರ ವೆಬ್‌ಸೈಟ್‌ನಲ್ಲೇ ತುಂಬಿಸಿ ಮನೆಯಲ್ಲೇ ಪ್ರಿಂಟ್ ತೆಗೀಬೇಕು. ದಪ್ಪ ಬಿಳಿ ಕಾರ್ಡ್ ಪೇಪರ್ ಬಳಸಿ. ಇಂಕ್ ಉಳಿಸೋಕೆ ಡ್ರಾಫ್ಟ್ ಪ್ರಿಂಟ್ ಹಾಕಿದ್ರೆ ಬಾರ್‌ಕೋಡ್ ಸ್ಕ್ಯಾನ್ ಆಗಲ್ಲ. ವಿವರಣೆ ಜಾಗದಲ್ಲಿ "ಶರ್ಟ್" ಅಂತಷ್ಟೇ ಬರೀಬೇಡಿ. "ನೀಲಿ ಗೆರೆಯ ಶರ್ಟ್, ಕಾಲರ್ ಇದೆ" ಅಂತ ಬರೆದ್ರೆ ಟ್ಯಾಗ್ ಕಳಚಿ ಬಿದ್ರೂ ಜೋಡಿ ಹುಡುಕಬಹುದು.

ಪಝಲ್ ಚೂರುಗಳನ್ನ ಎಣಿಸಿ ಜಿಪ್‌ಲಾಕ್ ಕವರ್‌ಗೆ ಹಾಕಿ, ಮೇಲೆ ಟೇಪ್ ಸುತ್ತಿ. ಶೂ ಜೋಡಿಯನ್ನ ಕೇಬಲ್ ಟೈ ಹಾಕಿ ಸೇರಿಸಿ. ಆಟಿಕೆಗೆ ಕೆಲಸ ಮಾಡೋ ಬ್ಯಾಟರಿ ಹಾಕಿ ಕೊಡಿ. ಕೊಳ್ಳೋರು ಮೊದಲು ಮಾಡೋ ಕೆಲಸ ಗುಂಡಿ ಒತ್ತೋದು. ಏನೋ ಒಂದು ದೋಷ ಇದ್ದೂ ಬಳಕೆಗೆ ಬರೋ ಹಾಗಿದ್ರೆ ಟ್ಯಾಗ್‌ನಲ್ಲೇ ಬರೆಯಿರಿ: "ಒಂದು ಚೂರು ಇಲ್ಲ" ಅಂತ.

ಬೆಲೆ ಎಷ್ಟಿಡೋದು?

ಹೊಸದರ ಬೆಲೆಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಅನ್ನೋದು ಸಾಮಾನ್ಯ ಲೆಕ್ಕ. ಒಂದು ಉದಾಹರಣೆ ನೋಡೋಣ. 40 ಬಟ್ಟೆ ಇಟ್ರಿ, ಒಂದೊಂದು 4 ಡಾಲರ್. 30 ಮಾರಾಟ ಆಯ್ತು ಅಂದ್ರೆ 120 ಡಾಲರ್. ಅದರಲ್ಲಿ ನಿಮ್ಮ ಪಾಲು ಶೇಕಡ 65 ಅಂದ್ಕೊಳ್ಳಿ, 78 ಡಾಲರ್. ನೋಂದಣಿಗೆ 10 ಹೋದ್ರೆ 68. ಒಂದು ಬಟ್ಟೆಗೆ 5 ನಿಮಿಷ ಹಿಡಿದ್ರೂ 40ಕ್ಕೆ 3 ಗಂಟೆ 20 ನಿಮಿಷ. ಅದೇ ಒಂದು ಒಳ್ಳೆ ಸ್ಟ್ರಾಲರ್ 60 ಡಾಲರ್‌ಗೆ ಹೋದ್ರೆ 39 ಡಾಲರ್ ನಿಮ್ಮದು, ಒಂದೇ ಟ್ಯಾಗ್. ಹಾಗಾಗಿ ದೊಡ್ಡ ವಸ್ತುಗಳನ್ನ ಮೊದಲು ತಯಾರು ಮಾಡಿ. ಸಾದಾ ಬಟ್ಟೆಗಳನ್ನ ಐದೈದು ಸೇರಿಸಿ ಒಂದೇ ಕಟ್ಟು ಮಾಡಿ.

ಟ್ಯಾಗ್‌ನಲ್ಲಿ ಎರಡು ಪ್ರಶ್ನೆ ಇರುತ್ತೆ. ಕೊನೇ ದಿನ ಅರ್ಧ ಬೆಲೆಗೆ ಕೊಡಬಹುದಾ? ಉಳಿದ್ರೆ ದಾನ ಮಾಡಬಹುದಾ? ವಾಪಸ್ ತಂದು ಮತ್ತೆ ಅಟ್ಟಕ್ಕೆ ಏರಿಸೋದಾದ್ರೆ ಎರಡಕ್ಕೂ "ಇಲ್ಲ" ಅನ್ನಿ. ಮುಗೀಲಿ ಅನ್ನೋದಾದ್ರೆ "ಹೌದು". ಮಗುವಿನ ಮೊದಲ ಅಂಗಿ, ಅಜ್ಜಿ ಹೆಣೆದ ಟೋಪಿ ಇಂಥವನ್ನ ಈ ರಾಶಿಗೇ ತರಬೇಡಿ. ಅವಕ್ಕೆ 3 ಡಾಲರ್ ಅಂತ ಬರೆಯೋಕೆ ಕೈ ಬರಲ್ಲ.

ಬೆಂಗಳೂರಲ್ಲಿ ಕೇಳ್ತಿರೋರಿಗೆ

ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಮಾರೋರಿಗೂ ಈ ತಯಾರಿ ಹೊಂದುತ್ತೆ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಆಗಿದೆ, ಇದ್ರೆ ಅದರ ಫೋಟೋನೂ ಹಾಕಿ. ಕಾರ್ ಸೀಟ್ ತಾರೀಕಿನ ಸ್ಟಿಕ್ಕರ್ ಫೋಟೋ ಹಾಕಿ. ಕಲೆ ಇದ್ರೆ ಕಲೆಯ ಫೋಟೋ ಕೂಡ. ನೀವು ಅಲ್ಲಿ ಎದುರಿಗೇ ಸಿಗ್ತೀರಿ, ಲಿಫ್ಟಲ್ಲಿ ಮರುದಿನ ಮುಖ ನೋಡ್ಬೇಕು. ಮುಚ್ಚಿಟ್ಟು ಏನು ಪ್ರಯೋಜನ?

ಈ ವಾರ ಒಂದೇ ಕೆಲಸ ಮಾಡಿ. ಒಂದು ಡಬ್ಬ ತೆಗೆದು, ಒಳಗಿರೋ ದೊಡ್ಡ ವಸ್ತುವಿನ ಮಾಡೆಲ್ ನಂಬರ್ ಹುಡುಕಿ ಫೋನಲ್ಲಿ ಪರೀಕ್ಷೆ ಮಾಡಿ. ಒಗೆಯೋದು, ಪಿನ್ ಹಾಕೋದು ಆಮೇಲೆ ಇದ್ದೇ ಇದೆ.