ಆಳುವವರಿಗೂ ಒಂದು ಪಾಠ

ಪೆರಿಕಲ್ಲೂರು: ಕಬಿನಿ ಹೊಳೆಯ ಈ ದಡದಲ್ಲಿ ವಯನಾಡಿನ ಪೆರಿಕಲ್ಲೂರು, ಆ ದಡದಲ್ಲಿ ಮೈಸೂರು ಜಿಲ್ಲೆಯ ಬೈರಕುಪ್ಪೆ. ಇಲ್ಲಿಂದ ತಿರುವನಂತಪುರವೂ ದೂರ, ಬೆಂಗಳೂರೂ ದೂರ. ದಿಲ್ಲಿಯ ಮಾತಂತೂ ಬೇಡ. ಆದರೆ ಇಲ್ಲಿಯ ಮಕ್ಕಳ ಶಾಲೆಯ ಗಂಟೆ ಎಷ್ಟಕ್ಕೆ ಬಾರಿಸಬೇಕೆಂಬುದು ನಿಶ್ಚಯವಾಗುವುದು ರಾಜಧಾನಿಯಲ್ಲಿಯೇ. 2011ರ ಜನಗಣತಿಯ ಪ್ರಕಾರ ವಯನಾಡಿನಲ್ಲಿ ನೂರಕ್ಕೆ ಸುಮಾರು 29 ಮಂದಿ ಮುಸಲ್ಮಾನರು. ನೀತಿ ರೂಪಿಸುವವರಿಗೆ ಅವರ ದಿನಚರಿ ತಿಳಿದಿರಬೇಕೆಂಬುದು ಅತಿಯಾದ ಬೇಡಿಕೆಯೇನೂ ಅಲ್ಲ.

'ಮದ್ರಸ' ಎಂಬ ಒಂದೇ ಪದವನ್ನು ತೆಗೆದುಕೊಳ್ಳೋಣ. ಉತ್ತರ ಭಾರತದಲ್ಲಿ ಸಾಮಾನ್ಯವಾಗಿ ಪೂರ್ಣಾವಧಿಯ ಧಾರ್ಮಿಕ ವಿದ್ಯಾಲಯಕ್ಕೆ ಆ ಹೆಸರು. ಮಲಬಾರಿನ ವಾಡಿಕೆ ಬೇರೆ. ಮುಂಜಾನೆ ಮಗು ಉಸ್ತಾದರ ಬಳಿ ಓದಿ, ಮನೆಗೆ ಬಂದು ತಿಂಡಿ ತಿಂದು, ಚೀಲ ಬದಲಿಸಿ ಶಾಲೆಗೆ ಬರುತ್ತದೆ. ಒಂದಿದ್ದರೆ ಇನ್ನೊಂದಿಲ್ಲವೆಂದಲ್ಲ, ಎರಡೂ ಉಂಟು.

ಈ ಭೇದವರಿಯದೆ, ಮುಸಲ್ಮಾನರ ಮಕ್ಕಳಿಗೆ ಮದ್ರಸವೇ ಸಾಕು, ಶಾಲೆ ಬೇಡವೆಂಬ ಮಾತು ಬಹುಕಾಲ ನಡೆದುಬಂದಿತ್ತು. 2005ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ರಾಜಿಂದರ್ ಸಾಚಾರರ ಸಮಿತಿಯು ರಾಜ್ಯಗಳಿಗೆ ಹೋಗಿ ಜನರ ಅಹವಾಲು ಕೇಳಿತು, ಅಂಕಿ ಅಂಶಗಳನ್ನು ಕಲೆಹಾಕಿತು. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸವನ್ನೇ ನೆಚ್ಚಿದವರು ಶೇಕಡಾ 3ರಷ್ಟು ಮಾತ್ರವೆಂದು 2006ರ ವರದಿ ತಿಳಿಸಿತು. ಶಾಲೆಯ ಜೊತೆಗೆ ನಡೆಯುವ ಧಾರ್ಮಿಕ ಪಾಠವನ್ನು ಬೇರೆಯಾಗಿ ಗುರುತಿಸಿತು. ಹೋಗಿ ಕೇಳಿ, ಎಣಿಸಿ ನೋಡಿದಾಗ ಊಹೆ ಉಳಿಯಲಿಲ್ಲ.

ಆ ಪಾಠ ಇನ್ನೂ ಮುಗಿದಿಲ್ಲ. 2025ರ ಜೂನ್‌ನಲ್ಲಿ ಕೇರಳ ಸರಕಾರ ಹೈಸ್ಕೂಲು ತರಗತಿಗಳಿಗೆ, ಶುಕ್ರವಾರದ ಹೊರತು, ದಿನಕ್ಕೆ ಅರ್ಧ ಗಂಟೆ ಹೆಚ್ಚಿಸಿತು: ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ. ಮದ್ರಸದ ಸಮಯಕ್ಕೆ ತೊಡಕಾಗುವುದೆಂದು 'ಸಮಸ್ತ' ಸಂಘಟನೆ ಆಕ್ಷೇಪಿಸಿತು. ಜುಲೈಯಲ್ಲಿ ಶಿಕ್ಷಣ ಸಚಿವರು ಮಾತುಕತೆಗೆ ಕರೆದರು. ಆದೇಶ ಮಾತ್ರ ಹಾಗೆಯೇ ನಿಂತಿತು. ಪಾಠದ ಅವಧಿ ಹೆಚ್ಚಬೇಕೆಂಬುದರಲ್ಲಿ ಅಧ್ಯಾಪಕರಾದ ನಮಗೆ ಭಿನ್ನಾಭಿಪ್ರಾಯವಿಲ್ಲ. ತಜ್ಞರ ಸಲಹೆ ಇತ್ತೆಂಬುದೂ ನಿಜ. ನಾವು ಹೇಳುವುದಿಷ್ಟೆ: ಊರವರನ್ನು ಕೇಳುವುದು ಮೊದಲು, ಆದೇಶ ಅನಂತರ.

ಇದಕ್ಕೆ ಉಪಾಯ ಬಹಿರಂಗ ವಿಚಾರಗೋಷ್ಠಿ. ತಾಲೂಕಿಗೊಂದರಂತೆ ನಡೆಯಲಿ. ವೇದಿಕೆಯಲ್ಲಿ ಶಾಸಕರು, ಶಿಕ್ಷಣಾಧಿಕಾರಿ, ಮುಖ್ಯೋಪಾಧ್ಯಾಯರು, ಜಮಾಅತಿನವರು, ಉಸ್ತಾದರು ಇರಲಿ. ತಾಯಂದಿರಂತೂ ಇರಲೇಬೇಕು. ನಸುಕಿನಲ್ಲಿ ಮಗುವನ್ನು ಎಬ್ಬಿಸಿ ಎರಡೂ ಕಡೆಗೆ ಹೊರಡಿಸುವವರು ಅವರು. ಆದರೆ ಸಚಿವರ ಕೋಣೆಯ ಮಾತುಕತೆಗೆ ಕರೆ ಬರುವುದು ಮುಖಂಡರಿಗೆ. ಮುಖಂಡರಷ್ಟೇ ಸಮುದಾಯವಲ್ಲ.

ಬಹಿರಂಗವೇಕೆ? ಮುಚ್ಚಿದ ಕೋಣೆಯಲ್ಲಿ ಆದದ್ದನ್ನು ನೆರೆಯವರು 'ಓಲೈಕೆ' ಎನ್ನುತ್ತಾರೆ, ಸಮುದಾಯದವರು 'ಅನ್ಯಾಯ' ಎನ್ನುತ್ತಾರೆ. ಎಲ್ಲರ ಎದುರು ಆಡಿದ ಮಾತಿಗೆ ಎಲ್ಲರೂ ಸಾಕ್ಷಿ. ಹಿಂದುಳಿದ ಇತರ ಮಕ್ಕಳ ಕಷ್ಟವೂ ಅದೇ ಸಭೆಯಲ್ಲಿ ಕೇಳಿಬಂದರೆ ಸಂಶಯಕ್ಕೆ ಎಡೆಯೇ ಇರದು.

ಒಂದು ಭಾನುವಾರ, ಭಾಷಣ ಮಾಡದೆ ಕೇಳುವುದಕ್ಕಾಗಿಯೇ ಬಂದು ಕೂರಲು ಸಂಬಂಧಪಟ್ಟವರು ಒಪ್ಪುವರೇ?