ಮಂಗನ ಕಾಯಿಲೆಯ ಲಸಿಕೆ: ಪರವಾನಗಿ ಮತ್ತು ಪರೀಕ್ಷೆಗಳ ಪ್ರಯೋಜನ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಕೆ ತೋಟಗಳು ಸುತ್ತಣ ಕಾಡನ್ನು ಆಶ್ರಯಿಸಿಯೇ ಬೆಳೆದು ಬಂದಿವೆ. ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದ ಒಡೆತನ ಸರಕಾರದ್ದು. ಅಲ್ಲಿಯ ಹಸಿಸೊಪ್ಪನ್ನೂ ತರಗೆಲೆಯನ್ನೂ ಒಯ್ಯುವ ಸವಲತ್ತು ಮಾತ್ರ ತೋಟಿಗನದು. ಈ ಬಳಕೆಗೆ ಇರುವ ನಿಯಮಗಳು ಕಾಡನ್ನು ಉಳಿಸಲೆಂದು ಹುಟ್ಟಿದವು. ಆದರೆ ಕಾಡಿನಿಂದಲೇ ಜನರಿಗೆ ತಗಲುವ ರೋಗವೊಂದರ ವಿಷಯದಲ್ಲಿ ಜನರನ್ನು ಕಾಯತಕ್ಕ ನಿಯಮಗಳೂ ಉಂಟು. ಅವು ಹೇಗೆ ಕೆಲಸ ಮಾಡುವುವೆಂಬುದನ್ನು ಇಲ್ಲಿ ವಿವರಿಸುವೆವು.

ಸಿದ್ದಾಪುರಕ್ಕೆ ನೆರೆಯದಾದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನರೂ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಇದಕ್ಕೆ ಕಾರಣವಾದ ವೈರಸ್ಸನ್ನು ಗುರುತಿಸಿದರು. ಈ ವೈರಸ್ಸನ್ನು ಹರಡುವುದು ಉಣುಗು. ಮರಿ ಉಣುಗುಗಳು ನೆಲದ ತರಗೆಲೆಯಲ್ಲಿ ಹೆಚ್ಚಾಗಿರುವ ಕಾಲವೂ, ರೈತನು ತರಗೆಲೆ ಗುಡಿಸಲು ಬೆಟ್ಟ ಹತ್ತುವ ಕಾಲವೂ ಒಂದೇ: ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ. ರೋಗ ತಗಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುವುದುಂಟು. ಇದಕ್ಕೆಂದೇ ಗೊತ್ತಾದ ಔಷಧ ಇಲ್ಲದ ಕಾರಣ ಲಸಿಕೆಯ ಮೇಲೆಯೇ ಹೆಚ್ಚಿನ ಭರವಸೆ ನಿಂತಿತು.

ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್ನಿನಿಂದ ಅದನ್ನು ಕೊಂದು ಈ ಲಸಿಕೆಯನ್ನು ಸಿದ್ಧಪಡಿಸುತ್ತಿದ್ದರು. ಇಲ್ಲಿ ಎರಡು ಅಪಾಯಗಳುಂಟು. ವೈರಸ್ ಪೂರ್ಣವಾಗಿ ಸಾಯದಿದ್ದರೆ ಲಸಿಕೆಯೇ ರೋಗವನ್ನು ತಂದೀತು. ಸಂಸ್ಕಾರ ಕೆಟ್ಟು ಲಸಿಕೆಯ ಸತ್ತ್ವ ಕುಂದಿದರೆ ಅದರಿಂದ ರಕ್ಷಣೆ ದೊರೆಯದು. ಮೊದಲನೆಯ ದೋಷ ಬೇಗ ಬೆಳಕಿಗೆ ಬರಬಹುದು. ಎರಡನೆಯದು ಕಣ್ಣಿಗೆ ಕಾಣುವಂಥದಲ್ಲ. ಸತ್ತ್ವಹೀನ ಲಸಿಕೆಯ ಸೀಸೆಯೂ ಸತ್ತ್ವಯುತವಾದುದರ ಸೀಸೆಯೂ ನೋಡಲು ಒಂದೇ. ಸೂಜಿಯ ನೋವೂ ಒಂದೇ. ತೋಳು ಒಡ್ಡಿದ ರೈತನಾಗಲಿ, ಚುಚ್ಚುವ ದಾದಿಯಾಗಲಿ ಭೇದವನ್ನು ಅರಿಯಲಾರರು.

ಈ ಕಾರಣದಿಂದಲೇ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯು ಲಸಿಕೆಯ ತಯಾರಿಕೆಗೆ ಪರವಾನಗಿಯನ್ನು ಕಡ್ಡಾಯ ಮಾಡಿದೆ. ಪರವಾನಗಿ ನೀಡುವ ಮುನ್ನ ತಯಾರಿಕೆಯ ಸ್ಥಳ, ಉಪಕರಣ, ತಜ್ಞರ ಅರ್ಹತೆ, ದಾಖಲೆಗಳು ಇವನ್ನೆಲ್ಲ ಪರಿಶೀಲಿಸುವರು. ತಯಾರಾದ ಸರಕನ್ನು ತಂಡ ತಂಡವಾಗಿ ಪರೀಕ್ಷಿಸುವರು. ಲಸಿಕೆ ಹಾಕಿದ ಇಲಿಗಳಿಗೂ ಹಾಕದ ಇಲಿಗಳಿಗೂ ವೈರಸ್ಸನ್ನು ಚುಚ್ಚಿ, ಬದುಕುಳಿದವುಗಳನ್ನು ಹೋಲಿಸುವುದು ಸತ್ತ್ವಪರೀಕ್ಷೆಯ ಕ್ರಮ. ರೈತನು ಮಾಡಲಾರದ ಪರೀಕ್ಷೆಯನ್ನು ಅವನ ಪರವಾಗಿ ಸರಕಾರವೇ ಮಾಡುವುದೆಂದು ಇದರ ಅರ್ಥ.

1990ರಿಂದ 1992ರವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಡೆದ ಪ್ರಯೋಗದಲ್ಲಿ ಒಂದು ಸಲದ ಲಸಿಕೆಯಿಂದ ನೂರಕ್ಕೆ 79.3ರಷ್ಟು, ಎರಡು ಸಲದ್ದರಿಂದ 93.5ರಷ್ಟು ರಕ್ಷಣೆ ಕಂಡುಬಂದಿತ್ತು. ಆದರೆ 2005ರಿಂದ 2010ರವರೆಗಿನ ಶಿವಮೊಗ್ಗ ಜಿಲ್ಲೆಯ ಅಂಕಿಗಳಂತೆ ಎರಡು ಸಲದ ಲಸಿಕೆಯ ರಕ್ಷಣೆ ನೂರಕ್ಕೆ 62.4 ಮಾತ್ರ, ಮುಂದಿನ ಪೂರಕ ಲಸಿಕೆಯನ್ನೂ ಪಡೆದವರಲ್ಲಿ 82.9. ನೋವಿನ ಭಯದಿಂದ ಪೂರಕ ಲಸಿಕೆಗೆ ಜನರು ಹಿಂಜರಿಯುತ್ತಿದ್ದುದೂ ನಿಜ. ಕೊನೆಗೆ, ತಕ್ಕಷ್ಟು ಸತ್ತ್ವ ಕಂಡುಬಾರದ ಕಾರಣ, 2022ರಲ್ಲಿ ಲಸಿಕೆ ಹಾಕುವುದನ್ನೇ ನಿಲ್ಲಿಸಲಾಯಿತು. 2024ರಲ್ಲಿ ರೋಗವು ಮತ್ತೆ ಉಲ್ಬಣಿಸಿದಾಗ ಸಿದ್ದಾಪುರ ತಾಲೂಕಿನ ಹಳ್ಳಿಗಳು ಲಸಿಕೆಯಿಲ್ಲದೆಯೇ ಅದನ್ನು ಎದುರಿಸಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಲಸಿಕೆಯನ್ನು ತಯಾರಿಸುತ್ತಿದ್ದುದು ಹೆಬ್ಬಾಳದಲ್ಲಿರುವ ರಾಜ್ಯ ಸರಕಾರದ್ದೇ ಸಂಸ್ಥೆ; ಹಂಚುತ್ತಿದ್ದುದು ಸರಕಾರದ್ದೇ ಆರೋಗ್ಯ ಇಲಾಖೆ; ಔಷಧ ನಿಯಂತ್ರಣವೂ ಸರಕಾರದ್ದೇ ಇಲಾಖೆ. ಲಾಭದಾಸೆಯ ವ್ಯಾಪಾರಿಯನ್ನು ಶಂಕಿಸುವುದು ಸುಲಭ. ಸೇವೆಗೆಂದೇ ನಿಂತ ಸಂಸ್ಥೆಯನ್ನು ಅಷ್ಟೇ ಬಿಗಿಯಾಗಿ ಪರೀಕ್ಷಿಸುವುದು ಕಷ್ಟ. ಆದರೆ ಉಣುಗಿನ ಕಡಿತಕ್ಕೆ ಆ ಭೇದವಿಲ್ಲ. ಸದುದ್ದೇಶವು ಸತ್ತ್ವಪರೀಕ್ಷೆಯ ಬದಲಿಗೆ ನಿಲ್ಲಲಾರದು.

ಪರೀಕ್ಷೆಯಲ್ಲಿ ಸೋತ ಲಸಿಕೆಯನ್ನು ನಿಲ್ಲಿಸಿದುದರಿಂದ ಜನರು ರಕ್ಷಣೆ ಕಳೆದುಕೊಂಡರೆಂದು ಕೆಲವರು ತಿಳಿಯಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ಸರಿಯಲ್ಲ. ಅವರು ಕಳೆದುಕೊಂಡುದು ರಕ್ಷಣೆಯ ಭ್ರಮೆಯನ್ನು. ಲಸಿಕೆ ಹಾಕಿಸಿಕೊಂಡೆನೆಂಬ ಧೈರ್ಯದಿಂದ ಉಣುಗಿನ ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋಗುವವನು ಲಸಿಕೆಯೇ ಇಲ್ಲದವನಿಗಿಂತ ಹೆಚ್ಚಿನ ಅಪಾಯದಲ್ಲಿರುವನು. ದೋಷವಿರುವುದು ಪರೀಕ್ಷೆಯಲ್ಲಲ್ಲ, ಅದರ ಫಲವು ಹಳ್ಳಿಯನ್ನು ತಲುಪುವಲ್ಲಿನ ವಿಳಂಬದಲ್ಲಿ.

ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಹೊಸ ಲಸಿಕೆಯ ಕಾರ್ಯವನ್ನು ಕೈಗೊಂಡಿದೆ. ಅದು ಬರುವವರೆಗೆ ಸತ್ತ ಮಂಗದ ಸುದ್ದಿಯನ್ನು ತಡಮಾಡದೆ ತಿಳಿಸುವುದು, ಉಣುಗುಗಳನ್ನು ಹಿಡಿದು ಪರೀಕ್ಷಿಸುವುದು, ಮೈಗೆ ಎಣ್ಣೆ ಹಚ್ಚಿ ಕಾಡಿಗೆ ಹೋಗುವುದು ಇವೇ ಉಪಾಯಗಳು. ಬಂದ ಮೇಲೆ, ಪ್ರತಿಯೊಂದು ತಂಡದ ಪರೀಕ್ಷಾಫಲವನ್ನೂ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.