ಮೋಟಾರಿನ ಧೂಳು ತೆಗೆಯಿರಿ, ನೀರು ಮಾತ್ರ ಹಾಕಬೇಡಿ



ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹೈನುಗಾರರಿಗೆ ಮೇವು ಕತ್ತರಿಸುವ ಯಂತ್ರ ಹೊಸದೇನಲ್ಲ. ಒಣ ಕಣಕಿ ಕತ್ತರಿಸುವಾಗ ಏಳುವ ಧೂಳು ನಮ್ಮ ಕಣ್ಣು-ಮೂಗಿಗೆ ಹೋಗುವಂತೆ ಮೋಟಾರಿನ ಮೇಲೂ ಕೂರುತ್ತದೆ. ಮೋಟಾರು ಸುಟ್ಟರೆ ರಿವೈಂಡಿಂಗ್ ಖರ್ಚು ಒಂದು ಕಡೆ. ಅದು ರಿಪೇರಿಯಾಗಿ ಬರುವವರೆಗೆ ಕೈಯಿಂದ ಮೇವು ಕೊಚ್ಚುವ ಕೆಲಸ ನಿಮ್ಮ ಪಾಲಿಗೆ.

ಧೂಳಿಗೂ ಮೋಟಾರು ಸುಡುವುದಕ್ಕೂ ಏನು ಸಂಬಂಧ?

ಮೋಟಾರಿನ ಮೈಮೇಲೆ ಉದ್ದುದ್ದ ಏಣುಗಳಿರುತ್ತವೆ, ಹಿಂದೆ ಒಂದು ಫ್ಯಾನ್ ಇರುತ್ತದೆ. ಫ್ಯಾನಿನ ಗಾಳಿ ಏಣುಗಳ ನಡುವೆ ಹಾದು ಒಳಗಿನ ಶಾಖವನ್ನು ಹೊರಹಾಕುತ್ತದೆ. ಅಲ್ಲಿ ಧೂಳು ತುಂಬಿದರೆ ಬೇಸಿಗೆಯಲ್ಲಿ ಕಂಬಳಿ ಹೊದ್ದಂತೆ. ಶಾಖ ಮಿತಿಗಿಂತ 10 ಡಿಗ್ರಿ ಹೆಚ್ಚಾದರೆ ಒಳಗಿನ ತಂತಿಯ ಲೇಪದ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ನೀರಿನಿಂದ ತಂಪಾಗುವ ಮೋಟಾರು

ಗಣಿ, ಸಿಮೆಂಟ್‌ನಂತಹ ಧೂಳಿನ ಉದ್ದಿಮೆಗಳಿಗೆಂದು ಮಾಡುವ ಕೆಲವು ದೊಡ್ಡ ಮೋಟಾರುಗಳಿಗೆ ಎರಡು ಪದರದ ಕವಚವಿರುತ್ತದೆ. ಪದರಗಳ ನಡುವೆ ಹರಿಯುವ ನೀರು ಶಾಖ ಒಯ್ಯುತ್ತದೆ. ನಮ್ಮ ಕೊಳವೆಬಾವಿಯ ಮೋಟಾರೂ ಸುತ್ತಲಿನ ನೀರಿನಿಂದಲೇ ತಂಪಾಗುತ್ತದೆ. ನೀರಿಲ್ಲದೆ ಓಡಿದರೆ ಸುಡುತ್ತದೆ.

ಮೇವಿನ ಯಂತ್ರದ ಸಣ್ಣ ಮೋಟಾರು ಹಾಗಲ್ಲ, ಅದಕ್ಕೆ ಬೇಕಾದದ್ದು ಗಾಳಿ. ಬಿಸಿಯಾಯಿತೆಂದು ನೀರು ಚಿಮುಕಿಸಬೇಡಿ, ಒದ್ದೆ ಗೋಣಿಚೀಲ ಹೊದಿಸಬೇಡಿ. ಚೀಲ ಗಾಳಿಯನ್ನು ತಡೆಯುತ್ತದೆ, ನೀರು ಕರೆಂಟಿಗೆ ದಾರಿಯಾಗಿ ಪ್ರಾಣಕ್ಕೇ ಸಂಚಕಾರ ತರಬಹುದು.

ಇಷ್ಟು ನೆನಪಿಡಿ

• ವಾರಕ್ಕೊಮ್ಮೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಏಣುಗಳನ್ನೂ ಫ್ಯಾನ್ ಮುಚ್ಚಳದ ತೂತುಗಳನ್ನೂ ಒಣ ಬ್ರಷ್‌ನಿಂದ ಸ್ವಚ್ಛಗೊಳಿಸಿ.
• ಫ್ಯಾನಿನ ಬದಿಯನ್ನು ಗೋಡೆಗೆ ಒತ್ತಿ ಇಡಬೇಡಿ.
• ಹೊಸ ಮೋಟಾರು ಕೊಳ್ಳುವಾಗ ಫಲಕದ ಮೇಲೆ ‘ಐಪಿ 55’ ಗುರುತು ಇದೆಯೇ ನೋಡಿ. ಮೊದಲ 5 ಧೂಳಿನಿಂದ, ಎರಡನೆಯ 5 ನೀರಿನ ಸಿಡಿತದಿಂದ ರಕ್ಷಣೆಯನ್ನು ಸೂಚಿಸುತ್ತದೆ. ಹಾಗೆಂದು ಅದನ್ನು ತೊಳೆಯಬೇಡಿ.
• ಮೋಟಾರು ತಿರುಗದೆ ಗುಂಯ್‌ಗುಟ್ಟಿದರೆ, ಮೇವು ಸಿಕ್ಕಿಕೊಂಡರೆ ಕೂಡಲೇ ಆರಿಸಿ. ಪ್ಲಗ್ ಕಿತ್ತ ಮೇಲೆಯೇ ಮೇವು ಬಿಡಿಸಿ.
• ವೋಲ್ಟೇಜ್ ಪದೇಪದೇ ಇಳಿಯುತ್ತಿದ್ದರೆ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಗ್ರಾಹಕರು ಸಂಘಕ್ಕೆ, ಉಳಿದವರು ಹೆಸ್ಕಾಂ ಕಚೇರಿಗೆ ತಿಳಿಸಿ.
• ಅರ್ಥಿಂಗ್ ಮಾಡಿಸಿ. ಸೆರಗು ಸಿಕ್ಕಿಸಿ, ಜಡೆ ಕಟ್ಟಿಕೊಂಡೇ ಯಂತ್ರದ ಮುಂದೆ ನಿಲ್ಲಿ.

ದನದ ಮನೆಯ ಕಸ ದಿನಾಲೂ ಗುಡಿಸುತ್ತೇವೆ. ವಾರಕ್ಕೆ ಐದು ನಿಮಿಷ ಮೋಟಾರಿಗೂ ಕೊಡೋಣ.